ಉಬ್ಬು ಹೊಲಿಗೆಯ ಲೆಕ್ಕ



ಕೈಕೆಲಸವನ್ನು ಬಾನುಲಿಯಲ್ಲಿ ಹೇಳಿಕೊಡುತ್ತೇನೆ ಎಂದರೆ ನಗುವವರೇ ಹೆಚ್ಚು. ಕಡ್ಡಿ ಎಲ್ಲಿ ಹೊಕ್ಕಿತು, ದಾರ ಯಾವ ಕಡೆಯಿಂದ ಬಂತು ಎಂಬುದನ್ನು ಕಣ್ಣಾರೆ ನೋಡದೆ ಕಲಿಯುವುದು ಹೇಗೆ ಎಂದು ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದರೆ ಕೊಕ್ಕೆ ಕಡ್ಡಿಯ ಹೆಣಿಗೆಯಾದ ಕ್ರೋಶಾದಲ್ಲಿ ಕೈ ಪಳಗಿದವರನ್ನು ಒಮ್ಮೆ ಗಮನಿಸಿ. ಟಿ.ವಿ. ನೋಡುತ್ತ, ಮಗುವಿನ ಮಗ್ಗಿ ಒಪ್ಪಿಸಿಕೊಳ್ಳುತ್ತ, ಬಸ್ಸಿನಲ್ಲಿ ಪಕ್ಕದವರ ಜೊತೆ ಮಾತಾಡುತ್ತ ಅವರ ಕೈ ಓಡುತ್ತಲೇ ಇರುತ್ತದೆ. ಕಣ್ಣು ಬೇರೆಲ್ಲೋ, ಲೆಕ್ಕ ಮಾತ್ರ ಬೆರಳಿನಲ್ಲಿ. ದೃಷ್ಟಿ ಇಲ್ಲದವರೂ ಅಚ್ಚುಕಟ್ಟಾಗಿ ಕ್ರೋಶಾ ಹಾಕುತ್ತಾರೆ. ಹಾಗಾಗಿ ಕಿವಿಯಿಂದ ಕೇಳಿ ಬೆರಳಿಗೆ ದಾಟಿಸಿಕೊಳ್ಳುವ ಈ ಪಾಠ ಅಷ್ಟೇನೂ ಅಸಾಧ್ಯವಲ್ಲ. ಅದರಲ್ಲೂ ನಾನು ಇಂದು ಹೇಳಹೊರಟಿರುವ ಹೊಲಿಗೆ ಮುಟ್ಟಿದರೆ ತಿಳಿಯುವಂಥದ್ದು.

ಅದೇ ಉಬ್ಬು ಹೊಲಿಗೆ. ಹೆಣಿಗೆಯ ಮೈ ಪೂರ್ತಿ ಮಟ್ಟಸವಾಗಿರದೆ ಅಲ್ಲಲ್ಲಿ ದುಂಡಗೆ ಎದ್ದು ನಿಲ್ಲುವಂತೆ ಮಾಡುವ ಹೊಲಿಗೆ. ಮಗುವಿನ ಕುಲಾವಿಯ ಅಂಚಿನಲ್ಲಿ, ದಿಂಬಿನ ಕವರಿನಲ್ಲಿ, ಬಾಗಿಲ ತೋರಣದಲ್ಲಿ, ರೇಷ್ಮೆ ಸೀರೆಯ ಕುಚ್ಚಿನಲ್ಲಿ ಇದನ್ನು ನೀವು ನೋಡಿಯೇ ಇರುತ್ತೀರಿ. ಪಾಪ್‌ಕಾರ್ನ್, ಬಾಬಲ್, ಪಫ್ ಎಂದು ಪುಸ್ತಕಗಳಲ್ಲಿ ಇದರ ಮೂರು ಬಗೆಗಳಿವೆ. ಹೊಸಬರು ನೋಡಿದ ಕೂಡಲೇ, ಇದು ನಮ್ಮ ಕೈಲಾಗದ ಕೆಲಸ ಎಂದು ಹಿಂದೆ ಸರಿಯುತ್ತಾರೆ. ಇದರ ಗುಟ್ಟಾದರೋ ಒಂದೇ ಮಾತಿನಷ್ಟು. ಒಂದು ಹೊಲಿಗೆ ಹಿಡಿಸುವ ಜಾಗದಲ್ಲಿ ಐದು ಹೊಲಿಗೆ ತುಂಬಿದರೆ, ಅವಕ್ಕೆ ಅಗಲಕ್ಕೆ ಹರಡಿಕೊಳ್ಳಲು ಎಡೆ ಇರುವುದಿಲ್ಲ. ಉಬ್ಬುವುದೊಂದೇ ಉಳಿದ ದಾರಿ. ಕ್ರೋಶಾದಲ್ಲಿ ಏಳುವ ಬಹುಪಾಲು ಉಬ್ಬು, ಸುಕ್ಕು, ನಿರಿಗೆಗಳ ಹಿಂದೆ ಇರುವುದು ಇದೇ ಲೆಕ್ಕ. ಇದನ್ನು ಹಿಡಿದವರಿಗೆ ಯಾವ ಮಾದರಿಯೂ ಒಗಟಾಗಿ ಉಳಿಯುವುದಿಲ್ಲ.

ಮೊದಲು ಸಾಮಾನು. ಕಲಿಯುವ ಕೈಗೆ ಸಣ್ಣ ಸ್ಟೀಲ್ ಕಡ್ಡಿ, ಸಪೂರ ನೂಲು ಬೇಡ. ನಮ್ಮ ಅಜ್ಜಿಯರು ಟೇಬಲ್ ಕ್ಲಾತಿಗೆ ಬಳಸುತ್ತಿದ್ದ ನಲವತ್ತನೇ ನಂಬರಿನ ಬಿಳಿ ನೂಲಿನಲ್ಲಿ ಕಲಿಯಹೊರಟರೆ ಕಣ್ಣೂ ನೋಯುತ್ತದೆ, ಉತ್ಸಾಹವೂ ಇಳಿಯುತ್ತದೆ. ನಾಲ್ಕು ಮಿಲಿಮೀಟರಿನ ಅಲ್ಯೂಮಿನಿಯಂ ಕಡ್ಡಿ, ಅದಕ್ಕೆ ಹೊಂದುವ ಮಧ್ಯಮ ದಪ್ಪದ ಉಲ್ಲನ್ ಅಥವಾ ಹತ್ತಿಯ ನೂಲು ತೆಗೆದುಕೊಳ್ಳಿ. ಬಣ್ಣ ತಿಳಿಯಾಗಿರಲಿ. ಕಪ್ಪು, ಕಡುನೀಲಿ ಬಣ್ಣಗಳಲ್ಲಿ ಹೊಲಿಗೆಯ ಕಣ್ಣು ಕಾಣುವುದಿಲ್ಲ. ಎರಡು ಮೂರು ಬಣ್ಣ ಬೆರೆತ ನೂಲೂ ಬೇಡ. ಬಣ್ಣಗಳ ಗದ್ದಲದಲ್ಲಿ ಉಬ್ಬು ಮರೆಯಾಗಿ ಪಟ್ಟ ಶ್ರಮವೆಲ್ಲ ವ್ಯರ್ಥ. ಕೂದಲು ಕೂದಲಾಗಿ ಎದ್ದಿರುವ ಉಲ್ಲನ್ನನ್ನು ಸದ್ಯಕ್ಕೆ ದೂರವಿಡಿ, ಬಿಚ್ಚಬೇಕಾದಾಗ ಅದು ಬಿಡುವುದೇ ಇಲ್ಲ. ಹೊಸಬರು ಬಿಚ್ಚಬೇಕಾಗುವುದು ಸಹಜ. ಆ ವಿಷಯದಲ್ಲಿ ಕ್ರೋಶಾ ಉದಾರಿ. ಎರಡು ಕಡ್ಡಿಯ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲ ಒಟ್ಟಿಗೆ ಕಡ್ಡಿಯ ಮೇಲಿರುತ್ತವೆ. ಒಂದು ಜಾರಿದರೆ ಕೆಳಗಿನ ಸಾಲುಗಳವರೆಗೂ ಬಿಚ್ಚುತ್ತ ಹೋಗುತ್ತದೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಜೀವಂತ ಕುಣಿಕೆ ಒಂದೇ. ಬೇಕಾದಷ್ಟು ಬಿಚ್ಚಿ, ಆ ಕುಣಿಕೆಗೆ ಕಡ್ಡಿ ತೂರಿಸಿ ಮುಂದುವರಿದರಾಯಿತು.

ಇನ್ನು ಮೂಲ ಹೊಲಿಗೆಗಳು. ಚೈನ್ ಎಲ್ಲರಿಗೂ ಗೊತ್ತು: ಕಡ್ಡಿಗೆ ದಾರ ಸುತ್ತಿ ಕುಣಿಕೆಯೊಳಗಿಂದ ಎಳೆಯುವುದು. ಅದರ ಮೇಲೆ ಗಿಡ್ಡ ಹೊಲಿಗೆ, ಆಮೇಲೆ ಎತ್ತರದ ಹೊಲಿಗೆ. ಮರಾಠಿಯವರು ಎತ್ತರದ್ದನ್ನು ಖಾಂಬ ಎನ್ನುತ್ತಾರೆ. ನಾನೂ ಈ ಮಾತಿನುದ್ದಕ್ಕೂ ಕಂಬ ಎಂದೇ ಹೇಳುತ್ತೇನೆ. ಹಾಗೆ ಹೇಳಲು ಕಾರಣವಿದೆ. ಈ ಹೊಲಿಗೆಯನ್ನು ಅಮೆರಿಕದ ಪುಸ್ತಕಗಳು ಡಬಲ್ ಕ್ರೋಶಾ ಎಂದರೆ, ಬ್ರಿಟನ್ನಿನ ಪುಸ್ತಕಗಳು ಟ್ರೆಬಲ್ ಎನ್ನುತ್ತವೆ. ಬ್ರಿಟನ್ನಿನವರು ಡಬಲ್ ಎಂದಾಗ ಅದು ಗಿಡ್ಡ ಹೊಲಿಗೆ. ನಮ್ಮಲ್ಲಿ ಹಳೆಯ ಮಾದರಿ ಪುಸ್ತಕಗಳು ಬ್ರಿಟಿಷ್ ರೀತಿಯವು, ಈಗಿನ ವಿಡಿಯೊಗಳು ಹೆಚ್ಚಾಗಿ ಅಮೆರಿಕದ ರೀತಿಯವು. ಯಾವ ಮಾದರಿಯನ್ನೇ ಹಿಡಿಯಿರಿ, ಅದು ಯಾವ ಕಡೆಯದು ಎಂದು ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಅಳತೆಯೆಲ್ಲ ಅಡ್ಡಾದಿಡ್ಡಿ.

ಕಂಬ ಹಾಕುವ ಕ್ರಮ ಹೀಗೆ. ಕಡ್ಡಿಗೆ ಒಂದು ಸುತ್ತು ದಾರ ಹಾಕಿ, ಕೆಳಗಿನ ಹೊಲಿಗೆಯ ಕಣ್ಣಿಗೆ ಕಡ್ಡಿ ತೂರಿಸಿ, ದಾರ ಹಿಡಿದು ಈಚೆಗೆ ಎಳೆಯಿರಿ. ಈಗ ಕಡ್ಡಿಯ ಮೇಲೆ ಮೂರು ಕುಣಿಕೆ. ದಾರ ಹಿಡಿದು ಎರಡರೊಳಗಿಂದ ಎಳೆಯಿರಿ, ಎರಡು ಉಳಿಯಿತು. ಮತ್ತೆ ದಾರ ಹಿಡಿದು ಆ ಎರಡರೊಳಗಿಂದಲೂ ಎಳೆದರೆ ಒಂದೇ ಕುಣಿಕೆ. ಒಂದು ಕಂಬ ಮುಗಿಯಿತು. ಇದು ಕೈಗೆ ಕೂತ ಮೇಲೆಯೇ ಉಬ್ಬಿಗೆ ಬನ್ನಿ.

ಈಗ ಪಾಪ್‌ಕಾರ್ನ್. ಹತ್ತೊಂಬತ್ತು ಚೈನ್ ಹಾಕಿ. ಕಡ್ಡಿಯಿಂದ ಎಣಿಸಿ ನಾಲ್ಕನೇ ಚೈನಿನಲ್ಲಿ ಮೊದಲ ಕಂಬ ಹಾಕಿ, ಆಮೇಲೆ ಪ್ರತಿ ಚೈನಿಗೂ ಒಂದೊಂದು. ಬಿಟ್ಟ ಮೂರು ಚೈನೂ ಒಂದು ಕಂಬದ ಲೆಕ್ಕ. ಒಟ್ಟು ಹದಿನೇಳು ಕಂಬ. ಹೆಣಿಗೆ ತಿರುಗಿಸಿ, ಮೂರು ಚೈನ್ ಹಾಕಿ. ಅದು ಎರಡನೇ ಸಾಲಿನ ಮೊದಲ ಕಂಬ. ಅದರ ಪಕ್ಕ ಇನ್ನೊಂದು ಕಂಬ. ಮೂರನೆಯ ಕಣ್ಣಿನಲ್ಲಿ ಉಬ್ಬು.

ಆ ಒಂದೇ ಕಣ್ಣಿನೊಳಗೆ ಐದು ಕಂಬ ಹಾಕಿ. ಐದೂ ಪೂರ್ತಿ ಕಂಬಗಳೇ. ಕಣ್ಣು ಸಾಕಷ್ಟು ಹಿಗ್ಗುತ್ತದೆ, ಹೆದರಬೇಡಿ. ಈಗ ನೋಡಿದರೆ ಐದೂ ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ನಿಂತಿರುತ್ತವೆ, ಉಬ್ಬಿನ ಸುಳಿವೇ ಇಲ್ಲ. ಇಲ್ಲಿಂದ ಮುಂದಿನದೇ ಮುಖ್ಯ. ಕಡ್ಡಿಯ ಮೇಲಿರುವ ಕುಣಿಕೆಯನ್ನು ಕೊಂಚ ದೊಡ್ಡದಾಗಿ ಎಳೆದುಕೊಂಡು, ಕಡ್ಡಿಯನ್ನು ಅದರಿಂದ ಪೂರ್ತಿ ಹೊರಗೆ ತೆಗೆಯಿರಿ. ಹೊಸಬರಿಗೆ ಜೀವ ಝಲ್ಲೆನ್ನುವುದು ಇಲ್ಲೇ, ಇರುವ ಒಂದು ಕುಣಿಕೆಯನ್ನೂ ಬಿಟ್ಟರೆ ಎಲ್ಲ ಬಿಚ್ಚಿಹೋದೀತೆಂದು. ದಾರ ಎಳೆಯದಿದ್ದರೆ ಏನೂ ಆಗದು. ಎಡಗೈ ಹೆಬ್ಬೆರಳಿನಿಂದ ಆ ಕುಣಿಕೆಯ ಬುಡವನ್ನು ಒತ್ತಿಹಿಡಿದಿರಿ. ಐದು ಕಂಬಗಳಲ್ಲಿ ಮೊದಲನೆಯದರ ತಲೆಯನ್ನು ಬೆರಳಿಂದ ತಡವಿ ಹುಡುಕಿ. ಅಲ್ಲಿ ಎರಡು ಎಳೆ ಸಿಗುತ್ತವೆ. ಆ ಎರಡರ ಕೆಳಗೆ, ಮುಂದಿನಿಂದ ಹಿಂದಕ್ಕೆ ಕಡ್ಡಿ ತೂರಿಸಿ, ಬಿಟ್ಟಿದ್ದ ಕುಣಿಕೆಯನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿ, ಈಚೆಗೆ ಎಳೆಯಿರಿ. ಮೊದಲ ಕಂಬದ ತಲೆಯೂ ಐದನೆಯದರ ತಲೆಯೂ ಒಂದಕ್ಕೊಂದು ತಾಗಿದೊಡನೆ ನಡುವಿನ ಮೂರು ಕಂಬಗಳಿಗೆ ಜಾಗ ಸಾಲದೆ, ಕಾದ ಬಾಣಲೆಯಲ್ಲಿ ಜೋಳದ ಕಾಳು ಅರಳಾಗುವಂತೆ, ಫಕ್ಕನೆ ಮುಂದಕ್ಕೆ ಉಬ್ಬಿಬಿಡುತ್ತವೆ. ಅದರ ಮೇಲೆ ಒಂದು ಚೈನ್ ಹಾಕಿ ಬಿಗಿ ಮಾಡಿ. ಹಿಂದಿನಿಂದ ತೋರುಬೆರಳು ಹಾಕಿ ಮುಂದಕ್ಕೆ ತಳ್ಳಿದರೆ ಉಬ್ಬು ಇನ್ನಷ್ಟು ದುಂಡಗಾಗುತ್ತದೆ.

ಇಷ್ಟೇ ಒಂದು ಅರಳು. ಅದರ ಪಕ್ಕ ಮೂರು ಸಾದಾ ಕಂಬ, ಮತ್ತೊಂದು ಅರಳು, ಮತ್ತೆ ಮೂರು ಕಂಬ. ಹೀಗೆ ಮೂರು, ಏಳು, ಹನ್ನೊಂದು, ಹದಿನೈದನೆಯ ಕಣ್ಣುಗಳಲ್ಲಿ ನಾಲ್ಕು ಅರಳು ಬಂದು, ಕೊನೆಗೆ ಎರಡು ಕಂಬ ಉಳಿಯುತ್ತದೆ. ಮೂರನೆಯ ಸಾಲು ಪೂರ್ತಿ ಸಾದಾ. ಪ್ರತಿ ಅರಳಿನ ತಲೆಯ ಚೈನಿನಲ್ಲಿ ಒಂದೇ ಒಂದು ಕಂಬ. ನಾಲ್ಕನೆಯ ಸಾಲಿನಲ್ಲಿ ಅರಳುಗಳನ್ನು ಐದು, ಒಂಬತ್ತು, ಹದಿಮೂರನೆಯ ಕಣ್ಣಿಗೆ ಸರಿಸಿದರೆ ಕೆಳಗಿನ ಎರಡರ ನಡುವೆ ಮೇಲಿನದು ಕೂತು ಚೌಕಳಿಯಂತೆ ಹೊಂದಿಕೊಳ್ಳುತ್ತದೆ. ಅರಳು ಬರುವುದು ಸಮ ಸಂಖ್ಯೆಯ ಸಾಲುಗಳಲ್ಲಿ ಮಾತ್ರವಾದ್ದರಿಂದ ಎಲ್ಲವೂ ಒಂದೇ ಮುಖಕ್ಕೆ ಉಬ್ಬುತ್ತವೆ. ಬೇಸ ಸಾಲಿನಲ್ಲೂ ಅರಳು ಬೇಕೆಂದರೆ, ಮೊದಲ ಕಂಬದ ತಲೆಗೆ ಹಿಂದಿನಿಂದ ಮುಂದಕ್ಕೆ ಕಡ್ಡಿ ತೂರಿಸಿ. ಆಗ ಉಬ್ಬು ಆಚೆ ಮುಖಕ್ಕೆ, ಅಂದರೆ ಬೇಕಾದ ಮುಖಕ್ಕೇ ಹೋಗುತ್ತದೆ.

ಇದರ ಒಡಹುಟ್ಟು ಬಾಬಲ್. ಇಲ್ಲೂ ಒಂದೇ ಕಣ್ಣಿನಲ್ಲಿ ಐದು ಕಂಬವೇ, ಆದರೆ ಯಾವುದನ್ನೂ ಪೂರ್ತಿ ಮುಗಿಸುವುದಿಲ್ಲ. ಪ್ರತಿ ಕಂಬದ ಕೊನೆಯ ಕುಣಿಕೆಯನ್ನು ಕಡ್ಡಿಯ ಮೇಲೆಯೇ ಉಳಿಸಿಕೊಳ್ಳುತ್ತ ಹೋದರೆ ಕೊನೆಗೆ ಕಡ್ಡಿಯ ಮೇಲೆ ಆರು ಕುಣಿಕೆ ಇರುತ್ತವೆ. ದಾರ ಹಿಡಿದು ಆರರೊಳಗಿಂದಲೂ ಒಮ್ಮೆಗೇ ಎಳೆದರೆ ಐದರ ತಲೆಯೂ ಒಂದಾಗುತ್ತದೆ. ಅಕ್ಕಪಕ್ಕ ಗಿಡ್ಡ ಹೊಲಿಗೆ ಹಾಕಿದಾಗಲೇ ಬಾಬಲ್ ಚೆನ್ನಾಗಿ ಉಬ್ಬುವುದು. ಎತ್ತರದ ಐದು ಕಂಬಗಳನ್ನು ಗಿಡ್ಡ ಹೊಲಿಗೆಗಳು ಎರಡೂ ಬದಿಯಿಂದ ಕೆಳಕ್ಕೆ ಹಿಡಿದಿಟ್ಟಾಗ ಅವು ನಡು ಬಾಗಿಸಿ ಹೊರಗೆ ಚಾಚಿಕೊಳ್ಳುತ್ತವೆ. ಚಾಚುವುದು ಹೆಣೆಯುವವರ ಕಣ್ಣಿಗೆ ಕಾಣದ ಹಿಂಬದಿಗೆ. ಆದ್ದರಿಂದಲೇ ಬಾಬಲ್ ಸಾಲನ್ನು ಹೆಣಿಗೆಯ ಹಿಂಬದಿ ನಮ್ಮ ಕಡೆಗಿರುವಾಗ ಹಾಕುವುದು ವಾಡಿಕೆ.

ಮೂರನೆಯದು ಪಫ್. ಕಡ್ಡಿಗೆ ದಾರ ಸುತ್ತಿ, ಕಣ್ಣಿಗೆ ತೂರಿಸಿ, ಉದ್ದನೆಯ ಕುಣಿಕೆ ಎಳೆಯಿರಿ. ಅದೇ ಕಣ್ಣಿನಲ್ಲಿ ಹೀಗೆ ನಾಲ್ಕು ಸಲ. ಕಡ್ಡಿಯ ಮೇಲೆ ಒಂಬತ್ತು ಕುಣಿಕೆ ಸೇರುತ್ತವೆ. ಒಂಬತ್ತರಿಂದಲೂ ದಾರ ಎಳೆದು, ಒಂದು ಚೈನ್ ಹಾಕಿ ಮುಚ್ಚಿ. ಇಲ್ಲಿ ಕುಣಿಕೆಗಳ ಉದ್ದ ಸಮವಾಗಿರಬೇಕು. ಒಂದು ಉದ್ದ ಒಂದು ಗಿಡ್ಡ ಆದರೆ ಕಡ್ಡಿ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಗೆರೆಗೆರೆಯಾಗಿ ಕಾಣುವ ಗಟ್ಟಿ ಗುಬುಟು ಬೇಕೆಂದರೆ ಪಾಪ್‌ಕಾರ್ನ್, ದುಂಡನೆಯ ಸಣ್ಣ ಮಣಿಯಂಥದ್ದು ಬೇಕೆಂದರೆ ಬಾಬಲ್, ಮೆತ್ತಗೆ ನಯವಾಗಿರಬೇಕೆಂದರೆ ಪಫ್. ಹಸುಗೂಸಿನ ಹೊದಿಕೆಗೆ ನಾನು ಪಫ್ಫಿಗೇ ಮತ ಹಾಕುತ್ತೇನೆ. ಗಟ್ಟಿ ಗುಬುಟುಗಳ ಮೇಲೆ ಮಗುವನ್ನು ಮಲಗಿಸುವುದು ಸರಿಯಲ್ಲ.

ಕಲಿಯುವವರು ಸಾಮಾನ್ಯವಾಗಿ ತರುವ ದೂರುಗಳು ಮೂರು. ಹೆಣಿಗೆ ಸಾಲುಸಾಲಿಗೂ ಅಗಲವಾಗುತ್ತಿದೆ ಎಂಬುದು ಮೊದಲನೆಯದು. ಅರಳಿನ ತಲೆಯ ಮೇಲೆ ಒಂದರ ಬದಲು ಎರಡು ಕಂಬ ಬಿದ್ದಿರುತ್ತದೆ, ಅಷ್ಟೇ. ಒಳಗೆ ಐದಿರಲಿ ಏಳಿರಲಿ, ಮೇಲಿನ ಸಾಲಿಗೆ ಅದು ಒಂದೇ ಹೊಲಿಗೆ. ಪ್ರತಿ ಸಾಲಿನ ಕೊನೆಯಲ್ಲಿ ಎಣಿಸುವ ಅಭ್ಯಾಸ ಇಟ್ಟುಕೊಂಡರೆ ಈ ತೊಂದರೆ ಹತ್ತಿರ ಸುಳಿಯದು. ಉಬ್ಬು ನಿಲ್ಲದೆ ಮಲಗಿಬಿಡುತ್ತದೆ ಎಂಬುದು ಎರಡನೆಯದು. ನೂಲು ತೀರ ಮೆತ್ತಗಿರಬಹುದು, ಇಲ್ಲವೆ ಕಡ್ಡಿ ನೂಲಿಗಿಂತ ದಪ್ಪದ್ದಾಗಿರಬಹುದು. ಒಂದು ಅಳತೆ ಸಣ್ಣ ಕಡ್ಡಿ ಹಿಡಿದು ನೋಡಿ. ನೂಲು ಸಾಲಲಿಲ್ಲ ಎಂಬುದು ಮೂರನೆಯದು. ಒಂದು ಕಂಬದ ಜಾಗಕ್ಕೆ ಐದು ಕಂಬದ ನೂಲು ಹೋಗುವಾಗ ಸಾಲುವುದಾದರೂ ಹೇಗೆ? ಸಾದಾ ಹೊಲಿಗೆಯದೊಂದು ಅಂಗೈ ಅಗಲದ ತುಂಡು, ಉಬ್ಬು ಹೊಲಿಗೆಯದು ಅದೇ ಅಳತೆಯ ಇನ್ನೊಂದು ತುಂಡು ಹೆಣೆದು, ಎರಡನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ತೂಗಿ. ನಿಮ್ಮ ಕೈಯ ಬಿಗಿಗೆ ಎಷ್ಟು ನೂಲು ಹೆಚ್ಚು ಬೇಕು ಎಂಬುದು ಗ್ರಾಮಿನ ಲೆಕ್ಕದಲ್ಲೇ ಗೊತ್ತಾಗುತ್ತದೆ. ಒಂದೇ ಬಣ್ಣದ ನೂಲು ಬೇರೆ ಬೇರೆ ಸಲ ಕೊಂಡರೆ ಛಾಯೆ ಬದಲಾಗುವುದುಂಟು. ಹಾಗಾಗಿ ಬೇಕಾದಷ್ಟನ್ನು ಒಂದೇ ಸಲ, ಚೀಟಿಯ ಮೇಲಿನ ಲಾಟ್ ನಂಬರ್ ನೋಡಿ ಕೊಳ್ಳಿ.

ಜಾಗಕ್ಕಿಂತ ಹೊಲಿಗೆ ಹೆಚ್ಚಾದರೆ ಉಬ್ಬುತ್ತದೆ ಎಂದೆ. ಈ ಮಾತನ್ನು ದುಂಡನೆಯ ಹೆಣಿಗೆಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. ನಡುವಿನಿಂದ ಕಂಬಗಳ ಸುತ್ತು ಹಾಕುತ್ತ ಹೋಗುವಾಗ ಮೊದಲ ಸುತ್ತಿಗೆ ಹನ್ನೆರಡು, ಎರಡನೆಯದಕ್ಕೆ ಇಪ್ಪತ್ತನಾಲ್ಕು, ಮೂರನೆಯದಕ್ಕೆ ಮೂವತ್ತಾರು, ಹೀಗೆ ಸುತ್ತಿಗೆ ಹನ್ನೆರಡು ಹೆಚ್ಚಿಸಿದರೆ ಹೆಣಿಗೆ ತಟ್ಟೆಯಂತೆ ಮಟ್ಟಸವಾಗಿ ಕೂರುತ್ತದೆ. ಅದಕ್ಕಿಂತ ಕಡಿಮೆ ಹೆಚ್ಚಿಸಿದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ; ಟೋಪಿಗೆ ಬೇಕಾದ್ದು ಅದೇ. ಅದಕ್ಕಿಂತ ಜಾಸ್ತಿ ಹೆಚ್ಚಿಸಿದರೆ ಅಂಚು ನಿರಿಗೆ ಕಟ್ಟುತ್ತದೆ.

ಈ ನಿರಿಗೆ ಒಬ್ಬ ಗಣಿತಜ್ಞೆಯ ನೆರವಿಗೆ ಬಂದ ಸಂಗತಿಯನ್ನು ಹೇಳಲೇಬೇಕು. ಲ್ಯಾಟ್ವಿಯಾ ದೇಶದಲ್ಲಿ ಹುಟ್ಟಿದ ಡೈನಾ ತೈಮಿನಾ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರೇಖಾಗಣಿತ ಪಾಠ ಮಾಡುತ್ತಿದ್ದರು. ಹೈಪರ್ಬೋಲಿಕ್ ಸಮತಲ ಎಂಬ ಒಂದು ಬಗೆಯ ಮೇಲ್ಮೈಯ ವಿಷಯ ಗಣಿತಜ್ಞರಿಗೆ ಹತ್ತೊಂಬತ್ತನೇ ಶತಮಾನದಿಂದ ಗೊತ್ತಿತ್ತು. ನಡುವಿನಿಂದ ಹೊರಕ್ಕೆ ಹೋದಂತೆಲ್ಲ ಅದರ ಹರವು ಅತಿಯಾಗಿ ಹೆಚ್ಚುತ್ತ ಹೋಗುತ್ತದೆ. ಕೈಯಲ್ಲಿ ಹಿಡಿದು ತೋರಿಸಲು ಕಾಗದದ ತುಂಡುಗಳನ್ನು ಅಂಟಿಸಿ ಮಾದರಿ ಮಾಡುತ್ತಿದ್ದರು, ಅದು ಬೇಗ ಹರಿಯುತ್ತಿತ್ತು. ತೈಮಿನಾ 1997ರಲ್ಲಿ ಕ್ರೋಶಾ ಕಡ್ಡಿ ಹಿಡಿದರು. ಇಂತಿಷ್ಟು ಹೊಲಿಗೆಗೆ ಒಂದು ಹೆಚ್ಚು ಎಂಬ ಒಂದೇ ನಿಯಮವನ್ನು ಕೊನೆಯವರೆಗೂ ಪಾಲಿಸಿದರು. ಸಾಲು ಬೆಳೆದಂತೆ ಹೊಲಿಗೆಗಳು ಮಿತಿಮೀರಿ, ಅಂಚು ನಿರಿಗೆಯ ಮೇಲೆ ನಿರಿಗೆಯಾಗಿ ಮಡಿಸಿಕೊಂಡಿತು. ಕೈಯಲ್ಲಿ ಹಿಡಿದು, ಮಡಿಸಿ, ಅದರ ಮೇಲೆ ದಾರದಿಂದ ಗೆರೆ ಎಳೆದು ನೋಡಬಹುದಾದ ಗಟ್ಟಿಮುಟ್ಟು ಮಾದರಿ ಸಿದ್ಧವಾಯಿತು. ಈ ಬಗ್ಗೆ ಅವರು ಬರೆದ ಪುಸ್ತಕ 2009ರಲ್ಲಿ ಬಂತು. 2012ರಲ್ಲಿ ಅದಕ್ಕೆ ಗಣಿತ ಪುಸ್ತಕಗಳಿಗೆ ಮೀಸಲಾದ ಆಯ್ಲರ್ ಬಹುಮಾನವೂ ಸಿಕ್ಕಿತು. ಇದೇ ಲೆಕ್ಕ ಹಿಡಿದು ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಎಂಬ ಅವಳಿ ಸೋದರಿಯರು 2005ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕ್ರೋಶಾದ ಹವಳದ ದಿಬ್ಬ ಹೆಣೆಯತೊಡಗಿದರು. ಅವರು ಹುಟ್ಟಿದ ಆಸ್ಟ್ರೇಲಿಯಾದ ಕಡಲಿನ ಹವಳಗಳು ಬಿಸಿಯೇರಿದ ನೀರಿನಲ್ಲಿ ಬಿಳಿಚಿ ಸಾಯುತ್ತಿರುವುದನ್ನು ಲೋಕಕ್ಕೆ ತಿಳಿಸುವುದು ಉದ್ದೇಶ. ಕೆಲವು ಹವಳಗಳೂ ಕಡಲ ಹುಳುಗಳೂ ಇದೇ ನಿರಿಗೆಯ ಲೆಕ್ಕದಲ್ಲಿ ಬೆಳೆಯುತ್ತವೆ. ಎಷ್ಟೋ ದೇಶಗಳ ಹೆಂಗಸರು ಈ ಕೆಲಸಕ್ಕೆ ಕೈ ಜೋಡಿಸಿದರು. ಲೆಕ್ಕ ಎಂದರೆ ನಮಗೆ ಆಗದು ಎನ್ನುವ ಹೆಣ್ಣುಮಕ್ಕಳು, ತಾವು ಕೈಯಲ್ಲಿ ಮಾಡುತ್ತಿರುವುದು ಲೆಕ್ಕವೇ ಎಂದು ತಿಳಿದರೆ ಒಳ್ಳೆಯದು.

ಉಬ್ಬು ಕೆಲಸ ಹಸಿದ ಹೊಟ್ಟೆಗೆ ಅನ್ನವಾದ ಕಾಲವೂ ಉಂಟು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬೆಳೆ ಕೊಳೆಯಿತು. ಆ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಇನ್ನೂ ಅಷ್ಟೇ ಜನ, ಅದಕ್ಕೂ ಹೆಚ್ಚು, ದೇಶ ಬಿಟ್ಟರು. ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲೂ ಊರೂರಿನ ಶಾಲೆಗಳಲ್ಲೂ ಹೆಂಗಸರಿಗೆ ಕ್ರೋಶಾ ಕಲಿಸಿದರು. ಮಾನಹನ್ ಜಿಲ್ಲೆಯ ಕ್ಲೋನಿಸ್ ಎಂಬ ಊರಿಗೆ 1847ರಲ್ಲಿ ಬಂದ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್, ಹೊರಗಿನಿಂದ ಶಿಕ್ಷಕಿಯನ್ನು ಕರೆಸಿ ಊರಿನ ಹೆಣ್ಣುಮಕ್ಕಳಿಗೆ ಈ ವಿದ್ಯೆ ಕಲಿಸಿದರು. ಬೆಲೆಬಾಳುವ ಸೂಜಿ ಲೇಸನ್ನು ಹೋಲುವ, ಅದಕ್ಕಿಂತ ಬೇಗ ಮುಗಿಯುವ ಕೆಲಸ ಅದು. ದಪ್ಪ ದಾರವೊಂದನ್ನು ಒಳಗಿಟ್ಟು ಅದರ ಮೇಲೆ ಹೆಣೆದು ಗುಲಾಬಿ, ಎಲೆಗಳನ್ನು ಉಬ್ಬಿಸುತ್ತಿದ್ದರು. ಹೀಗೆ ಬಿಡಿಬಿಡಿಯಾಗಿ ಮಾಡಿದ ಹೂಗಳನ್ನು ಬಟ್ಟೆಯ ಮೇಲೆ ಜೋಡಿಸಿ, ನಡುವಿನ ಜಾಗಕ್ಕೆ ಬಲೆಯಂತೆ ಹೆಣೆದು ಒಂದು ಮಾಡುತ್ತಿದ್ದರು. ಆ ಬಲೆಯ ಗೆರೆಗಳ ಮೇಲೆ ಸಾಸಿವೆ ಗಾತ್ರದ ಗಂಟುಗಳಿರುತ್ತಿದ್ದವು. ಚೈನಿನ ಸುತ್ತ ಹಲವು ಸಲ ದಾರ ಸುತ್ತಿ ಒಮ್ಮೆಗೇ ಎಳೆದು ಮಾಡುವ ಆ ಗಂಟಿಗೆ ಇಂದಿಗೂ ಕ್ಲೋನಿಸ್ ಗಂಟು ಎಂದೇ ಹೆಸರು. ಇದೂ ಒಂದು ಜಾಗಕ್ಕೆ ಹತ್ತು ಸುತ್ತು ತುಂಬುವ ಲೆಕ್ಕವೇ. ಬೇರೆ ಬೇರೆ ಮನೆಯವರು ಬೇರೆ ಬೇರೆ ಹೂ ಹೆಣೆದು ಕೊಡಬಹುದಾದ್ದರಿಂದ ಊರಿಗೆ ಊರೇ ಒಂದು ಕೊರಳಪಟ್ಟಿಗೆ ಕೂಡಿ ದುಡಿಯಬಹುದಿತ್ತು.

ನಮ್ಮ ನೆರೆಯ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರಕ್ಕೂ ಕ್ರೋಶಾ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಕ್ರೈಸ್ತ ಮಿಷನರಿಗಳ ಮೂಲಕವೇ. ಅಲ್ಲಿನ ಮನೆಮನೆಯ ಹೆಂಗಸರು ಹೆಣೆದ ಲೇಸು ಹೊರದೇಶಗಳಿಗೆ ಹೋಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿದ್ದು ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಎತ್ತಿ ತೋರಿಸಿದ್ದು ಒಂದು ಕಹಿ ಸತ್ಯ. ದಿನದ ಬಹುಪಾಲು ಹೊತ್ತು ಲೇಸು ಹೆಣೆಯುವ ಹೆಂಗಸರನ್ನು ಎಲ್ಲರೂ ಗೃಹಿಣಿಯರೆಂದೂ ಅವರ ಕೆಲಸವನ್ನು ಬಿಡುವಿನ ವೇಳೆಯ ಹವ್ಯಾಸವೆಂದೂ ಕರೆಯುತ್ತಿದ್ದರು. ಹವ್ಯಾಸ ಎಂದ ಮೇಲೆ ಕೂಲಿಯೂ ಅಷ್ಟಕ್ಕಷ್ಟೆ. ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅದು ಸಂತೋಷವೇ. ಆ ಹೆಸರಿನ ಲಾಭ ಹೆಣೆಯುವ ಕೈಗಳಿಗೆ ತಲುಪಿದರೆ ಸಂತೋಷ ಪೂರ್ತಿಯಾದೀತು.

ಇದನ್ನು ದೂರದ ಮಾತೆಂದು ತಳ್ಳುವ ಹಾಗಿಲ್ಲ. ನಮ್ಮ ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ ರೇಷ್ಮೆ ಸೀರೆಗೆ ಕುಚ್ಚು ಹಾಕಿಕೊಡುವ ಹೆಣ್ಣುಮಕ್ಕಳು ಬೀದಿಗೊಬ್ಬರು ಸಿಗುತ್ತಾರೆ. ಹಿಂದೆ ಸೆರಗಿನ ಎಳೆಗಳನ್ನೇ ಹೊಸೆದು ಗಂಟು ಹಾಕುತ್ತಿದ್ದರು. ಈಗ ರೇಷ್ಮೆಯಂತೆ ಹೊಳೆಯುವ ದಾರದಲ್ಲಿ, ಕೂದಲೆಳೆಯ ಕೊಕ್ಕೆಯಿರುವ ಸಣ್ಣ ಕಡ್ಡಿಯಲ್ಲಿ ಕ್ರೋಶಾ ಕುಚ್ಚು ಹಾಕುತ್ತಾರೆ. ಕಮಾನು, ಕಮಾನಿನೊಳಗೆ ಮಣಿ, ಮಣಿಯ ಮೇಲೆ ಉಬ್ಬು. ಆ ದಾರ ಜಾರುವ ದಾರ. ಉಬ್ಬಿನ ಮೇಲಿನ ಚೈನ್ ಬಿಗಿಯಾಗದಿದ್ದರೆ ಮೊದಲ ಸಲ ಉಟ್ಟಾಗಲೇ ಸಡಿಲವಾಗುತ್ತದೆ. ಸೀರೆ ತಂದುಕೊಟ್ಟವರು ಆಡುವ ಮಾತು ಎಲ್ಲ ಕಡೆಯೂ ಒಂದೇ: “ಏನಕ್ಕಾ, ಒಂದು ಸೆರಗಿಗೆ ಇಷ್ಟೊಂದಾ? ಮನೇಲಿ ಕೂತು ಮಾಡೋ ಕೆಲಸ ತಾನೆ?” ಅದಕ್ಕೆ ಒಬ್ಬ ಅಕ್ಕ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು: “ಮನೇಲಿ ಕೂತ್ರೂ ಬೆನ್ನು ನನ್ದೇ ಅಲ್ವೇನಮ್ಮಾ ನೋಯೋದು.”

ಆ ಉತ್ತರದ ಹಿಂದೆ ಇನ್ನೊಂದು ಸಂಗತಿಯೂ ಇದೆ. ನೂಲುವುದಕ್ಕೆ, ನೇಯುವುದಕ್ಕೆ, ಎರಡು ಕಡ್ಡಿಯ ಹೆಣಿಗೆಗೆ ಯಂತ್ರಗಳು ಬಂದು ಶತಮಾನಗಳೇ ಆದವು. ನಿಜವಾದ ಕ್ರೋಶಾವನ್ನು ಹೆಣೆಯುವ ಯಂತ್ರ ಮಾತ್ರ ಬಟ್ಟೆ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿಲ್ಲ. ಕ್ರೋಶಾ ಯಂತ್ರ ಎಂದು ಕರೆಸಿಕೊಳ್ಳುವವು ಹೆಣೆಯುವ ರೀತಿಯೇ ಬೇರೆ. ನೋಟಕ್ಕೆ ಹೋಲಬಹುದು ಅಷ್ಟೆ. ಆದ್ದರಿಂದ ಮಾಲಿನಲ್ಲಿ ತೂಗುಹಾಕಿದ ಒಂದು ಕ್ರೋಶಾ ಕುಪ್ಪಸದಲ್ಲಿ ಉಬ್ಬು ಅರಳುಗಳಿದ್ದರೆ, ಅಷ್ಟನ್ನೂ ಎಲ್ಲೋ ಯಾರೋ ಒಬ್ಬರು ಒಂದೊಂದಾಗಿ ಕೈಯಲ್ಲೇ ಮಾಡಿದ್ದಾರೆ. ಅದರ ಬೆಲೆಚೀಟಿ ತೀರ ಅಗ್ಗವಾಗಿದ್ದರೆ, ಮಾಡಿದವರಿಗೆ ಎಷ್ಟು ಸಿಕ್ಕಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಹತ್ತು ಅರಳು ಹಾಕಿ ನೋಡಿದವರು ಚೌಕಾಸಿ ಮಾಡುವ ಮುನ್ನ ಎರಡು ಸಲ ಯೋಚಿಸುತ್ತಾರೆ. ಉಬ್ಬು ಹೊಲಿಗೆ ಕಲಿಯಿರಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಹೆಣೆದದ್ದನ್ನು ಕಾಪಾಡುವ ಬಗ್ಗೆ ನಾಲ್ಕು ಮಾತು. ಒಗೆಯುವಾಗ ಉಗುರುಬೆಚ್ಚಗಿನ ನೀರು ಸಾಕು. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಉಬ್ಬುಗಳು ನೀರು ಕುಡಿದು ಭಾರವಾಗಿರುತ್ತವೆ, ತಂತಿಗೆ ನೇತುಹಾಕಿದರೆ ಹೆಣಿಗೆ ಜೋಲುತ್ತದೆ. ಚಾಪೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಹತ್ತಿಯದಾದರೆ ದಪ್ಪ ಟವೆಲಿನ ಮೇಲೆ ಉಬ್ಬಿನ ಮುಖ ಕೆಳಗೆ ಮಾಡಿ ಹಿಂಬದಿಯಿಂದ ಹಗುರವಾಗಿ ಇಸ್ತ್ರಿ ಮಾಡಬಹುದು. ಪೇಟೆಯಲ್ಲಿ ಉಲ್ಲನ್ ಎಂದು ಸಿಗುವುದು ಬಹಳಷ್ಟು ಅಕ್ರಿಲಿಕ್. ಅದಕ್ಕೆ ಇಸ್ತ್ರಿ ತಾಗಿಸಲೇಬಾರದು. ಒಮ್ಮೆ ಕಾವು ತಾಗಿ ಚಪ್ಪಟೆಯಾದ ಅಕ್ರಿಲಿಕ್ ಮತ್ತೆ ಉಬ್ಬುವುದಿಲ್ಲ.

ಕೇಳುಗರೆ, ಮೊದಲ ಅರಳು ಸೊಟ್ಟಗೇ ಬರಲಿ, ಪರವಾಗಿಲ್ಲ. ನೂಲು ಬಿಚ್ಚಿ ಮತ್ತೆ ಹಾಕುವುದಕ್ಕೆ ಯಾರಪ್ಪಣೆಯೂ ಬೇಡ. ಹದಿನೇಳು ಕಂಬದ ಆ ಸಣ್ಣ ತುಂಡನ್ನು ಈ ವಾರ ಹೆಣೆದು ಮುಗಿಸಿ. ಮನೆಯಲ್ಲಿ ಮಕ್ಕಳಿದ್ದರೆ, ಹುಡುಗಿ ಹುಡುಗ ಎಂದು ನೋಡದೆ, ಅವರ ಕೈಗೂ ಒಂದು ಕಡ್ಡಿ ಕೊಡಿ. ಎಣಿಕೆ ಅವರು ಹೇಳಲಿ, ಕಂಬ ನೀವು ಹಾಕಿ. ಮುಂದೆ ಯಾವಾಗಲಾದರೂ ಸೀರೆಗೆ ಕುಚ್ಚು ಹಾಕಿಸಿದರೆ ಕೇಳಿದ ಹಣವನ್ನು ಚೌಕಾಸಿ ಮಾಡದೆ ಕೊಡಿ. ನೀವೇ ಹಾಕಿಕೊಡುವವರಾದರೆ, ನೂಲಿನ ಖರ್ಚಿನ ಜೊತೆಗೆ ಕೂತ ಗಂಟೆಗಳ ಲೆಕ್ಕವನ್ನೂ ಚೀಟಿಯಲ್ಲಿ ಬರೆದು, ಸಂಕೋಚವಿಲ್ಲದೆ ಕೇಳಿ ಪಡೆಯಿರಿ.